ಅಪ್ಪನ ದನಿಗೆ ಒಂದು ಪಾಯಿಂಟ್ ವೋಲ್ಟೇಜು

ನನಗೆ ಕಾಯುವುದು ಬರುವುದಿಲ್ಲ. ಬಸ್ ಸ್ಟಾಪಿನಲ್ಲಿ ನಿಂತರೆ ಆ ತುದಿಯಿಂದ ಈ ತುದಿಗೆ ನಡೆಯುತ್ತಿರುತ್ತೇನೆ. ಹಾಲು ಉಕ್ಕುವ ಮೊದಲೇ ಒಲೆ ಆರಿಸುತ್ತೇನೆ. ಎದುರಿನವರು ನಿಧಾನವಾಗಿ ಮಾತಾಡಿದರೆ ಅವರ ವಾಕ್ಯವನ್ನು ನಾನೇ ಮುಗಿಸಿಬಿಡುತ್ತೇನೆ. "ನಿನ್ನ ಕಾಲಿಗೆ ಚಕ್ರ ಕಟ್ಟಿದ್ದಾರೆ" ಎಂದು ಅಮ್ಮ ಈಗಲೂ ಬೈಯುತ್ತಾಳೆ. ಇಂಥ ನನಗೆ, ಎರಡು ಸಾವಿರದ ಇಸವಿ ದಾಟಿದ ಮೇಲಿನ ಒಂದು ಬೇಸಿಗೆಯಲ್ಲಿ, ಹಳೇ ಕಂಪ್ಯೂಟರೊಂದರ ಮುಂದೆ ಕೂತು ಅದರ ಪ್ರೊಸೆಸರಿಗೆ ಚೂರುಚೂರೇ ವೋಲ್ಟೇಜು ಏರಿಸುತ್ತ, ಪ್ರತಿ ಸಲವೂ ಅದು ಬದುಕುತ್ತದೋ ಸಾಯುತ್ತದೋ ಎಂದು ಕಾಯುವ ಕೆಲಸ ಗಂಟುಬಿತ್ತು.

ಗಂಟುಬಿತ್ತು ಅಂದರೆ ಸುಳ್ಳಾದೀತು, ನಾನೇ ಹಾಕಿಕೊಂಡ ಗಂಟು ಅದು. ಅಪ್ಪನ ದನಿ ನನಗೆ ಮರೆತುಹೋಗುತ್ತಿತ್ತು.

ಅಪ್ಪ ಬದುಕಿದ್ದರು, ಮನೆಯಲ್ಲೇ ಇದ್ದರು. ಬೆಳಿಗ್ಗೆ ಪೇಪರು ಓದುತ್ತಿದ್ದರು, ಸಾರಿಗೆ ಉಪ್ಪು ಕಮ್ಮಿಯಾದರೆ ಮುಖ ಸಿಂಡರಿಸುತ್ತಿದ್ದರು. ಆದರೆ ಅದಕ್ಕೆ ಎರಡು ವರ್ಷ ಮೊದಲು ಗಂಟಲಿನಲ್ಲಿ ಗೆಡ್ಡೆಯಾಗಿ ಡಾಕ್ಟರು ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದ್ದರು. ಕುತ್ತಿಗೆಯಲ್ಲಿ ಉಸಿರಾಡುವುದಕ್ಕೆ ಒಂದು ತೂತು, ಅದರ ಮೇಲೆ ಅಮ್ಮ ಹೊಲಿದ ತೆಳ್ಳನೆಯ ಬಟ್ಟೆ. ಗಂಟಲಿಗೆ ಒತ್ತಿ ಹಿಡಿದರೆ ಮಾತು ಹೊರಡಿಸುವ ಸಣ್ಣ ಯಂತ್ರವೊಂದನ್ನು ಆಸ್ಪತ್ರೆಯವರು ತೋರಿಸಿದಾಗ ಅಪ್ಪ ಒಂದೇ ಸಲ ಒತ್ತಿ ನೋಡಿ, ಆ ಗೊರಗೊರ ಸದ್ದಿಗೆ ಅಸಹ್ಯಪಟ್ಟು ವಾಪಸು ಕೊಟ್ಟುಬಿಟ್ಟರು. ಮನೆಗೆ ಬಂದ ಮೇಲೆ ಮಕ್ಕಳ ಸ್ಲೇಟೊಂದು ತರಿಸಿಕೊಂಡರು. ಮಾತೆಲ್ಲ ಅದರಲ್ಲಿ, ಅದೂ ಮೂರು ನಾಲ್ಕು ಪದಕ್ಕೆ ಮೀರದಂತೆ.

ಒಂದು ದಿನ ಹಲಸೂರಿನಲ್ಲಿ ಬಸ್ಸಿಗೆ ನಿಂತಿದ್ದಾಗ, ಅಪ್ಪ ನನ್ನನ್ನು ಕರೆಯುವುದು ಹೇಗಿತ್ತು ಎಂದು ನೆನಪು ಮಾಡಿಕೊಳ್ಳಲು ಹೋದೆ. ಬರಲಿಲ್ಲ. ಪದ ಬಂತು, ದನಿ ಬರಲಿಲ್ಲ. ದಪ್ಪ ದನಿ, ಜೋರು ದನಿ ಎಂದು ಗೊತ್ತು, ಆದರೆ ಕಿವಿಯಲ್ಲಿ ಏನೂ ಇಲ್ಲ. ಬಸ್ಸು ಬಂತು, ಹೋಯಿತು, ನಾನು ಅಲ್ಲೇ ನಿಂತಿದ್ದೆ. ಮನೆಗೆ ಬಂದು ಅಮ್ಮನಿಗೆ ಹೇಳಿದರೆ ಅವಳು ಸೊಪ್ಪು ಬಿಡಿಸುತ್ತ, "ಮನುಷ್ಯ ಕಣ್ಮುಂದೆ ಇದ್ದಾರಲ್ಲ, ಅಷ್ಟು ಸಾಲದಾ ನಿಂಗೆ?" ಅಂದಳು. ಸಾಲದು ಎಂದು ಹೇಳಿದರೆ ದುರಾಸೆಯವಳು ಅನ್ನಿಸಿಕೊಳ್ಳುತ್ತೇನೆ ಎಂದು ನಾನೂ ಸೊಪ್ಪು ಬಿಡಿಸಲು ಕೂತೆ. ಆದರೆ ಸಾಲುತ್ತಿರಲಿಲ್ಲ.

ನಮ್ಮದು ಸಿ.ವಿ. ರಾಮನ್ ನಗರದ ಒಂದು ಅಡ್ಡರಸ್ತೆ. ಹಳೇ ಮದ್ರಾಸ್ ರಸ್ತೆಯ ಮೇಲಿದ್ದ ಸರ್ಕಾರಿ ಕಾರ್ಖಾನೆಯ ನೌಕರರೇ ಸೊಸೈಟಿ ಮಾಡಿಕೊಂಡು ಸೈಟು ಹಂಚಿಕೊಂಡ ಜಾಗ. ಅಕ್ಕಪಕ್ಕದವರೆಲ್ಲ ಒಂದೇ ಕಂಪನಿ ಬಸ್ಸಿನಲ್ಲಿ ಹೋಗಿ ಬಂದು, ಒಂದೇ ಕ್ಯಾಂಟೀನಿನಲ್ಲಿ ಉಂಡವರು. ಅಪ್ಪ ಅಲ್ಲಿ ಹಾಜರಿ ನೋಡಿಕೊಳ್ಳುವ ಟೈಮ್ ಆಫೀಸಿನ ಗುಮಾಸ್ತ. ರಸ್ತೆಗೆ ಕಾರ್ಪೊರೇಷನ್ ನೀರು ದಿನ ಬಿಟ್ಟು ದಿನ, ಸಂಜೆ ಹೊತ್ತಿನಲ್ಲಿ ಬರುತ್ತಿತ್ತು, ಅದೂ ಮುಕ್ಕಾಲು ಗಂಟೆ. ಆಗಲೇ ಪ್ರತಿ ಮನೆಯವರೂ ಮೋಟರು ಹಾಕಿ ಎಳೆದುಕೊಳ್ಳಬೇಕು, ತಪ್ಪಿದರೆ ಮುಂದಿನ ಸರದಿಯವರೆಗೆ ಬಕೆಟ್ಟು ಹಿಡಿದು ಅಲೆಯಬೇಕು. ಕೊಳಾಯಿ ಮೊದಲು ಬುಸುಗುಟ್ಟುವುದು ನಮ್ಮ ಮನೆಯ ಗೇಟಿನ ಪಕ್ಕ, ಯಾಕೆಂದರೆ ರಸ್ತೆಯ ತಗ್ಗಿನ ತುದಿ ನಮ್ಮದು. ಗಾಳಿ ಬುಸುಗುಟ್ಟಿದ ಕೂಡಲೇ ಅಪ್ಪ ಗೇಟಿಗೆ ಬಂದು "ನೀರು ಬಂತೂ" ಎಂದು ಒಂದೇ ಒಂದು ಕೂಗು ಹಾಕುತ್ತಿದ್ದರು. ಇಡೀ ಸಾಲು ಎದ್ದು ಮೋಟರು ಹಾಕುತ್ತಿತ್ತು. ದನಿ ಹೋದ ಮೇಲೂ ಆ ಕೆಲಸವನ್ನು ಅವರು ಬಿಡಲಿಲ್ಲ. ಒಂದು ಸ್ಪ್ಯಾನರು ಹಿಡಿದು ಕಬ್ಬಿಣದ ಗೇಟಿಗೆ ಟಣ್ ಟಣ್ ಎಂದು ಬಡಿಯುತ್ತಿದ್ದರು.

ಆ ವರ್ಷ ಯುಗಾದಿಗೆ ಮನೆ ಗುಡಿಸುವಾಗ ಅಟ್ಟದ ಮೇಲೆ ಒಂದು ಕ್ಯಾಸೆಟ್ಟು ಸಿಕ್ಕಿತು. ನೋಡಿದ ಕೂಡಲೇ ಗುರುತು ಸಿಕ್ಕಿತು. ತೊಂಬತ್ತರ ಆಸುಪಾಸಿನಲ್ಲಿ ಕಾರ್ಖಾನೆಯ ಕನ್ನಡ ಸಂಘದವರು ರಾಜ್ಯೋತ್ಸವಕ್ಕೆ ಆಡಿದ ನಾಟಕದ ಕ್ಯಾಸೆಟ್ಟು ಅದು. ಅಪ್ಪ ಆ ನಾಟಕಕ್ಕೆ ಪ್ರಾಂಪ್ಟರು. ಪರದೆಯ ಪಕ್ಕ ಪುಸ್ತಕ ಹಿಡಿದು ನಿಂತು, ಮಾತು ಮರೆತ ನಟರಿಗೆ ಮೆಲ್ಲಗೆ ಹೇಳಿಕೊಡುವವರು. ಮಿಡ್ಲ್ ಸ್ಕೂಲಿನಲ್ಲಿದ್ದ ನಾನು ಅವರ ಕಾಲ ಬುಡದಲ್ಲಿ ಟೇಪ್ ರೆಕಾರ್ಡರು ಇಟ್ಟುಕೊಂಡು ಕೂತಿದ್ದೆ. ಹಾಗಾಗಿ ರೆಕಾರ್ಡಾದದ್ದು ನಾಟಕವಲ್ಲ, ಅಪ್ಪ. ನಟರು ಎಲ್ಲೋ ಬಾವಿಯೊಳಗಿಂದ ಮಾತಾಡಿದಂತೆ ಕೇಳುತ್ತಾರೆ, ಅಪ್ಪ ಕಿವಿಗೇ ಬಾಯಿಟ್ಟಂತೆ ಕೇಳುತ್ತಾರೆ.

ಅದಕ್ಕೇ ಅದು ಅಟ್ಟ ಸೇರಿದ್ದು. ಅಪ್ಪನ ದನಿಗೆ ಪಿಸುಮಾತು ಒಗ್ಗುತ್ತಿರಲಿಲ್ಲ. ಆ ದಿನ ಸಭೆಯ ಕೊನೆಯ ಸಾಲಿನವರೆಗೂ ಪ್ರತಿ ಮಾತೂ ಎರಡೆರಡು ಸಲ ಕೇಳಿ, ಜನ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. "ನಾಟಕ ನೋಡಿದವರಿಗಿಂತ ನಿಮ್ಮನ್ನ ಕೇಳಿದವರೇ ಜಾಸ್ತಿ ಸಾರ್" ಎಂದು ಸಂಘದ ಕಾರ್ಯದರ್ಶಿ ಎಲ್ಲರೆದುರು ಅಂದಿದ್ದ. ಮುಂದಿನ ವರ್ಷ ಬೇರೆಯವರಿಗೆ ಪುಸ್ತಕ ಕೊಟ್ಟರು. ಅಪ್ಪ ಆಮೇಲೆ ಸಂಘದ ಕಡೆ ತಲೆ ಹಾಕಲಿಲ್ಲ. ಮನೆಯಲ್ಲೂ ಆ ನಾಟಕದ ಸುದ್ದಿ ಎತ್ತುವಂತಿರಲಿಲ್ಲ. ಈಗ ಕ್ಯಾಸೆಟ್ಟು ತೋರಿಸಿದರೆ ಸ್ಲೇಟಿನ ಮೇಲೆ "ಬಿಸಾಡು" ಎಂದು ಬರೆದು ಪೇಪರಿನ ಹಿಂದೆ ಮುಖ ಮುಚ್ಚಿಕೊಂಡರು.

ಬಿಸಾಡುವ ಪೈಕಿಯೇ ನಾನು? ಟೇಪ್ ರೆಕಾರ್ಡರಿಗೆ ಹಾಕಿ ಗುಂಡಿ ಒತ್ತಿದೆ. ಒಂದು ನಿಮಿಷ ಹಾರ್ಮೋನಿಯಂ, ಗಲಾಟೆ, ಕೆಮ್ಮು. ಆಮೇಲೆ ಕಿರ್ರೆಂದು ಕಿರುಚಿ ದನಿ ಮುಳುಗಿತು. ತೆಗೆದು ನೋಡಿದರೆ ಟೇಪಿಗೆ ಬೂಷ್ಟು ಹಿಡಿದಿತ್ತು, ಅದು ಸವರಿಹೋಗುವ ಕಬ್ಬಿಣದ ತಲೆಯ ಮೇಲೆ ಕಂದು ಪುಡಿ ಉದುರಿತ್ತು. ಆ ಪುಡಿಯೇ ದನಿ. ಓಡಿಸಿದಷ್ಟೂ ಉದುರುತ್ತದೆ. ಇನ್ನೊಂದೇ ಒಂದು ಸಲ ಪೂರ್ತಿ ಓಡಿಸಬಹುದು, ಅಷ್ಟರಲ್ಲಿ ಎಲ್ಲಾದರೂ ಹಿಡಿದಿಟ್ಟುಕೊಳ್ಳಬೇಕು.

ಇಂದಿರಾನಗರದ ಒಂದು ರೆಕಾರ್ಡಿಂಗ್ ಸ್ಟುಡಿಯೋಗೆ ಅಪ್ಪನನ್ನೂ ಎಳೆದುಕೊಂಡು ಹೋದೆ. ಕನ್ನಡಕದ ಹುಡುಗನೊಬ್ಬ ತಾನೊಬ್ಬನೇ ಹೆಡ್‌ಫೋನು ಹಾಕಿಕೊಂಡು ಮಧ್ಯದಿಂದ ಹತ್ತು ಸೆಕೆಂಡು ಕೇಳಿ, "ನಾಟಕ ಕ್ಲೀನ್ ಮಾಡ್ಕೊಡ್ತೀವಿ ಮೇಡಂ. ಆದ್ರೆ ಪಕ್ಕದಲ್ಲಿ ಒಬ್ಬ ಅರಚ್ತಾ ಇದಾನಲ್ಲ, ಅವನನ್ನ ತೆಗೆಯೋದು ಸ್ವಲ್ಪ ಕಷ್ಟ" ಅಂದ. ಅಪ್ಪ ಪಕ್ಕದಲ್ಲೇ ಕೂತಿದ್ದರು. ಎದ್ದು, ಯಂತ್ರದ ಬಾಯಿಯಿಂದ ತಾವೇ ಕ್ಯಾಸೆಟ್ಟು ಕಿತ್ತುಕೊಂಡು ಹೊರಟುಬಿಟ್ಟರು. ಆಟೋದಲ್ಲಿ ನಾನು ಆ ಹುಡುಗನ ವಂಶಕ್ಕೆಲ್ಲ ಬೈದೆ. ಅಪ್ಪ ಮನೆಗೆ ಬಂದು ಸ್ಲೇಟು ತೆಗೆದು, "ಇದು ಮನೆ ದಾಟಬಾರದು" ಎಂದು ಬರೆದರು. ಕ್ಯಾಸೆಟ್ಟನ್ನು ದೇವರ ಗೂಡಿನ ಪಕ್ಕ ಇಟ್ಟರು. ಬಿಸಾಡಲಿಲ್ಲ ಎನ್ನುವುದನ್ನು ನಾನು ಗಮನಿಸಿದೆ.

ಮನೆಯಲ್ಲಿದ್ದದ್ದು ಒಂದು ಕಂಪ್ಯೂಟರು. ನಾನು ಹಲಸೂರಿನ ಒಂದು ಪ್ರೆಸ್ಸಿನಲ್ಲಿ ಮದುವೆ ಕಾರ್ಡುಗಳ ಅಕ್ಷರ ಜೋಡಿಸುವ ಕೆಲಸಕ್ಕಿದ್ದೆ. ಅವರು ಹೊಸದು ತಂದಾಗ ಮೂಲೆಗೆ ಎಸೆದದ್ದನ್ನು ಕೇಳಿ ಇಸಿದುಕೊಂಡು ಬಂದಿದ್ದೆ. ಸಾಧು ಯಂತ್ರ, ಆದರೆ ಆಗಲೇ ಮುದಿ. ಡಿಸ್ಕಿನಲ್ಲಿ ಜಾಗವೇ ಇರಲಿಲ್ಲ. ನಾಟಕವನ್ನು ಹಾಗೇ ತುಂಬಿಸಿದರೆ ಕಾಲುಭಾಗವೂ ಹಿಡಿಯುವುದಿಲ್ಲ. ಹೊಸ ಡಿಸ್ಕು ಹಾಕೋಣವೆಂದರೆ ಅಷ್ಟು ದೊಡ್ಡದನ್ನು ಆ ಬೋರ್ಡು ಗುರುತೇ ಹಿಡಿಯುವುದಿಲ್ಲ. ಇದ್ದ ದಾರಿ ಒಂದೇ. ಟೇಪು ಓಡುತ್ತಿದ್ದ ಹಾಗೇ ಕಂಪ್ಯೂಟರು ದನಿಯನ್ನು ಕೇಳಿಸಿಕೊಂಡು, ಅದೇ ಕ್ಷಣ ಹಿಂಡಿ ಚಿಕ್ಕದು ಮಾಡಿ ಬರೆದುಕೊಳ್ಳಬೇಕು. ಅದಕ್ಕೆ ವೇಗ ಬೇಕು. ನಮ್ಮ ಮುದಿಯ ವೇಗ ಸಾಲುತ್ತಿರಲಿಲ್ಲ. ಬೇರೊಂದು ಹಾಡಿನ ಕ್ಯಾಸೆಟ್ಟು ಹಾಕಿ ಪರೀಕ್ಷೆ ಮಾಡಿದರೆ ಮಧ್ಯೆ ಮಧ್ಯೆ ಮಾತು ನುಂಗಿಬಿಡುತ್ತಿತ್ತು, ಬಿಕ್ಕಳಿಕೆ ಬಂದವರ ಹಾಗೆ.

ಶಿವಾಜಿನಗರದಲ್ಲಿ ಹಳೇ ಕಂಪ್ಯೂಟರು ಕೊಂಡು ಮಾರುವ ಒಬ್ಬರಿದ್ದರು. ಪ್ರೆಸ್ಸಿನ ಯಂತ್ರಗಳನ್ನೂ ಅವರೇ ರಿಪೇರಿ ಮಾಡುತ್ತಿದ್ದರು. ನಾವೆಲ್ಲ ಭಾಯ್ ಎಂದು ಕರೆಯುತ್ತಿದ್ದೆವು. ನನ್ನ ಕತೆ ಕೇಳಿ ಅವರು, "ಓವರ್‌ಕ್ಲಾಕ್ ಮಾಡ್ಬೇಕು ಮೇಡಂ" ಅಂದರು. ಕಾರ್ಖಾನೆಯವರು ಬರೆದುಕೊಟ್ಟ ವೇಗಕ್ಕಿಂತ ಜಾಸ್ತಿ ವೇಗದಲ್ಲಿ ಪ್ರೊಸೆಸರನ್ನು ಓಡಿಸುವುದಕ್ಕೆ ಆ ಹೆಸರು. ಬೋರ್ಡಿನ ಮೇಲೆ ಜಂಪರ್ ಎಂಬ, ಕಡಲೆಬೇಳೆ ಗಾತ್ರದ ಪ್ಲಾಸ್ಟಿಕ್ ಟೋಪಿಗಳಿರುತ್ತವೆ. ಬೋರ್ಡಿನಿಂದ ಎದ್ದುನಿಂತ ಸೂಜಿಗಳ ಒಂದು ಜೊತೆಯಿಂದ ಕಿತ್ತು ಇನ್ನೊಂದು ಜೊತೆಗೆ ತೊಡಿಸಿದರೆ ವೇಗ ಬದಲಾಗುತ್ತದೆ. ವೇಗ ಏರಿದಾಗ ಪ್ರೊಸೆಸರಿಗೆ ಕಸುವು ಸಾಲದೆ ತಡವರಿಸಿ ನಿಂತುಬಿಡಬಹುದು. ಆಗ ಅದಕ್ಕೆ ಕೊಡುವ ವೋಲ್ಟೇಜನ್ನು ಚೂರು ಏರಿಸಬೇಕು. ಅದಕ್ಕೂ ಜಂಪರುಗಳೇ.

"ನಿಮ್ದು ಎರಡು ಪಾಯಿಂಟ್ ಎಂಟು ವೋಲ್ಟಿಂದು," ಅಂದರು ಭಾಯ್, ಒಂದು ಹಳೇ ಬೋರ್ಡು ಮುಂದಿಟ್ಟುಕೊಂಡು ತೋರಿಸುತ್ತ. "ಮೊದ್ಲು ಬರೀ ಸ್ಪೀಡ್ ಏರ್ಸಿ. ಓಡಿದ್ರೆ ವೋಲ್ಟೇಜ್ ಮುಟ್ಲೇಬೇಡಿ. ನಿಂತೋದ್ರೆ ಮಾತ್ರ ಒಂದು ಪಾಯಿಂಟ್ ಏರ್ಸಿ. ಎರಡು ಪಾಯಿಂಟ್ ಒಟ್ಟಿಗೆ ಹಾರ್ಬಾರ್ದು. ಏರ್ಸಿದ್ಮೇಲೆ ಪೂರ್ತಿ ಒಂದು ಕ್ಯಾಸೆಟ್ ಓಡಿಸಿ ನೋಡಿ. ಆಹಿಸ್ತಾ ಆಹಿಸ್ತಾ."

"ಸೀದಾ ಮೂರಕ್ಕೇ ಇಟ್ಬಿಟ್ರೆ ಟೈಮ್ ಉಳಿಯುತ್ತಲ್ಲ ಭಾಯ್?"

"ಟೈಮ್ ಉಳೀತದೆ, ಚಿಪ್ಪು ಉಳಿಯಲ್ಲ. ಕರ್ಪೂರ ಆಗ್ಬಿಡ್ತದೆ. ಮೂರು ದಾಟ್ಲೇಬಾರ್ದು. ಕಸಂ ತಗೊಳಿ."

ಪ್ರಮಾಣ ಮಾಡಿದೆ. ಪ್ರೊಸೆಸರಿನ ಮೇಲೆ ಕೂರುವ, ಬಾಚಣಿಗೆ ಹಲ್ಲಿನಂಥ ಅಲ್ಯುಮಿನಿಯಂ ತುಂಡನ್ನು ಬಿಚ್ಚಿ, ಒಣಗಿದ ಹಳೇ ಪೇಸ್ಟನ್ನು ಸ್ಪಿರಿಟ್ಟಿನಿಂದ ಒರೆಸಿ, ಹೊಸ ಬಿಳಿ ಪೇಸ್ಟನ್ನು ತೆಳ್ಳಗೆ ಬಳಿಯಬೇಕು. ಇಲ್ಲದಿದ್ದರೆ ಬಿಸಿ ಮೇಲಕ್ಕೆ ಹೋಗದೆ ಒಳಗೇ ಬೇಯಿಸುತ್ತದೆ. ಪ್ಲಗ್ಗು ಕಿತ್ತು, ಮೈಯಲ್ಲಿನ ಸ್ಥಿರ ವಿದ್ಯುತ್ತು ಇಳಿಯಲೆಂದು ಕಂಪ್ಯೂಟರಿನ ಡಬ್ಬದ ಕಬ್ಬಿಣ ಮುಟ್ಟಿ, ಆಮೇಲೆಯೇ ಬೋರ್ಡು ಮುಟ್ಟಬೇಕು. ಬೆರಳು ಒಂದು ಉಸಿರಿನಷ್ಟು ಹೊತ್ತು ಅಲ್ಯುಮಿನಿಯಂ ಮೇಲೆ ನಿಲ್ಲಲಾರದಷ್ಟು ಬಿಸಿಯಾದರೆ ನಿಲ್ಲಿಸಿಬಿಡಬೇಕು. ಇಷ್ಟು ಪಾಠ ಹೇಳಿಸಿಕೊಂಡು, ಪೇಸ್ಟಿನ ಟ್ಯೂಬು ಕಟ್ಟಿಸಿಕೊಂಡು ಬಂದೆ.

ಪ್ರೆಸ್ಸಿನಿಂದ ಬಂದ ಕೂಡಲೇ ಚಪ್ಪಲಿ ಬಿಡುವುದಕ್ಕೂ ತಾಳ್ಮೆಯಿಲ್ಲದೆ ಡಬ್ಬ ಬಿಚ್ಚುವುದು ನನ್ನ ದಿನಚರಿಯಾಯಿತು. ಮುಚ್ಚಳ ತೆಗೆದು ಪಕ್ಕಕ್ಕೆ ಟೇಬಲ್ ಫ್ಯಾನು ತಿರುಗಿಸಿಟ್ಟಿದ್ದೆ. "ಮನೆಯವರಿಗಿಲ್ಲದ ಗಾಳಿ ಅದಕ್ಕೆ" ಎಂದು ಅಮ್ಮ ಸೆರಗಿನಲ್ಲಿ ಬೀಸಿಕೊಳ್ಳುತ್ತ ಗೊಣಗುತ್ತಿದ್ದಳು. ವೇಗ ಏರಿಸಿದೆ, ಹಾಡಿನ ಕ್ಯಾಸೆಟ್ಟು ಹಾಕಿದೆ. ಬಿಕ್ಕಳಿಕೆ ಇಲ್ಲ, ಎಣ್ಣೆ ಹಾಕಿದ ಹಾಗೆ ಓಡಿತು. ಕುಣಿಯುವಷ್ಟು ಖುಷಿ. ಮುಗಿಯುವುದಕ್ಕೆ ಇನ್ನು ಕಾಲುಭಾಗ ಇದೆ ಎನ್ನುವಾಗ ಪರದೆ ಹಾಗೇ ನಿಂತುಬಿಟ್ಟಿತು. ಬಾಣದ ಗುರುತು ಅಲ್ಲಾಡಲಿಲ್ಲ. ಬರೆದುಕೊಂಡದ್ದೆಲ್ಲ ಹೋಯಿತು.

ನಾಟಕದ ಕ್ಯಾಸೆಟ್ಟು ಹಾಕಿದ್ದಿದ್ದರೆ?

ಎರಡು ಪಾಯಿಂಟ್ ಒಂಬತ್ತಕ್ಕೆ ಏರಿಸಿದೆ. ಮರುದಿನ ಹಾಡಿನ ಕ್ಯಾಸೆಟ್ಟು ತುದಿಯಿಂದ ತುದಿಗೆ ಓಡಿತು. ಗೆದ್ದೆ ಅಂದುಕೊಂಡೆ. ಆದರೆ ಖಾತ್ರಿಗೆ ಇನ್ನೊಂದು ಸಲ ಓಡಿಸೋಣವೆಂದು ಅದರ ಮರುದಿನ ಹಾಕಿದರೆ ಮತ್ತೆ ನಿಂತಿತು. ಮೂರಕ್ಕೆ ಏರಿಸಿದೆ. ಒಂದು ದಿನ ಓಡಿತು, ಒಂದು ದಿನ ನಿಂತಿತು. ಇದಕ್ಕೇನು ದೆವ್ವ ಹೊಡೆದಿದೆಯೋ ಎಂದು ನಡುಮನೆಯಲ್ಲಿ ಶತಪಥ ಹಾಕಿದೆ. ಊಟ ಮಾಡುತ್ತ ಎದ್ದು ಹೋಗಿ ಒಂದು ಸಲ ಅಲ್ಯುಮಿನಿಯಂ ಮುಟ್ಟಿ ನೋಡಿ ಬಂದು ಮತ್ತೆ ಕೂರುತ್ತಿದ್ದೆ. ಪ್ರೆಸ್ಸಿನಲ್ಲಿ ಒಬ್ಬರ ಮದುವೆ ಕಾರ್ಡಿನಲ್ಲಿ ವಧುವಿನ ಜಾಗಕ್ಕೆ ವರನ ಹೆಸರು ಹಾಕಿ ಬೈಸಿಕೊಂಡೆ.

ಅಪ್ಪ ಈ ಎಲ್ಲದರಿಂದ ದೂರ ಇರುವವರಂತೆ ನಟಿಸುತ್ತಿದ್ದರು. ಆದರೆ ನಾನು ಕ್ಯಾಸೆಟ್ಟು ಹಾಕಿದಾಗಲೆಲ್ಲ ಅವರ ಚಪ್ಪಲಿ ಸದ್ದು ಬಾಗಿಲ ಹತ್ತಿರ ಬಂದು ನಿಲ್ಲುತ್ತಿತ್ತು. ಸ್ವಲ್ಪ ಹೊತ್ತು ನಿಂತು, ನೀರಿನ ದಿನವಾದರೆ ಗೇಟಿಗೆ ಹೋಗುತ್ತಿದ್ದರು. ಆಮೇಲೆ ಟಣ್ ಟಣ್.

ಒಂದು ಸಂಜೆ ನಾನು ಪ್ರಮಾಣ ಮುರಿದೆ. ಮೂರೂ ಸಾಲುತ್ತಿಲ್ಲ ಎಂದರೆ ಇನ್ನೊಂದು ಪಾಯಿಂಟು, ಏನಾಗಿಬಿಡುತ್ತದೆ ಎಂದು ಹಲ್ಲುಕಚ್ಚಿ ಜಂಪರು ಸರಿಸಿದೆ. ಐದು ನಿಮಿಷಕ್ಕೆ ಬೆರಳಿಟ್ಟರೆ ಚುರ್ ಎಂದಿತು. ಕಾದ ಬಾಣಲೆಯ ವಾಸನೆ ಬಂತು. ಎದ್ದುಬಿದ್ದು ಪ್ಲಗ್ಗು ಕಿತ್ತೆ. ಬೆರಳು ಬಾಯಲ್ಲಿಟ್ಟುಕೊಂಡು ನೆಲದ ಮೇಲೆ ಕೂತು ಅತ್ತೆ. ಬೆರಳಿನ ನೋವಿಗೆ ಅಲ್ಲ. ಅಪ್ಪ ಒಳಗೆ ಬಂದು ತೆಂಗಿನೆಣ್ಣೆಯ ಬಾಟಲಿ ಮುಂದಿಟ್ಟು, ಸ್ಲೇಟಿನಲ್ಲಿ "ಸಾಕು ಬಿಡು" ಎಂದು ಬರೆದರು.

"ನಿಮಗೆ ಬೇಡದೆ ಇರ್ಬಹುದು. ನಂಗೆ ಬೇಕು," ಅಂದೆ. "ನಿಮ್ಮ ದನಿ ನಂಗೆ ನೆನಪಾಗ್ತಾ ಇಲ್ಲ ಅಪ್ಪ."

ಅವರು ಸ್ಲೇಟು ಒರೆಸಿದರು. ಬಳಪವನ್ನು ಅದರ ಮೇಲಿಟ್ಟು ಹೊರಗೆ ಹೋದರು.

ಭಾಯ್ ನನ್ನ ಸುಟ್ಟ ಬೆರಳು ನೋಡಿ ತಲೆ ಚಚ್ಚಿಕೊಂಡರು. "ಕಸಂ ತಗೊಂಡಿದ್ರಿ ಮೇಡಂ," ಎಂದು ಪದೇ ಪದೇ ಅಂದರು. ಮೂರು ವೋಲ್ಟಿಗೂ ನಿಲ್ಲುತ್ತದೆ ಎಂದರೆ ಚಿಪ್ಪೇ ಸೋತಿರಬೇಕು ಎಂದು ಅವರ ಅಂದಾಜು. ಆದರೂ ವೋಲ್ಟೇಜು ಅಳೆಯುವ ಒಂದು ಮಲ್ಟಿಮೀಟರು ಕೈಗಿಟ್ಟು, ಕಂಪ್ಯೂಟರಿಗೆ ಕರೆಂಟು ಹಂಚುವ ಪೆಟ್ಟಿಗೆ ಸರಿಯಾಗಿ ಐದು ವೋಲ್ಟು ಕೊಡುತ್ತಿದೆಯೋ ನೋಡಿ ಅಂದರು. ಮನೆಗೆ ಬಂದು, ವೋಲ್ಟೇಜನ್ನು ಎರಡು ಪಾಯಿಂಟ್ ಒಂಬತ್ತಕ್ಕೆ ಇಳಿಸಿದೆ. ಪುಣ್ಯಕ್ಕೆ ಚಿಪ್ಪು ಇನ್ನೂ ಬದುಕಿತ್ತು. ಹಾಡಿನ ಕ್ಯಾಸೆಟ್ಟು ಹಾಕಿ, ಮೀಟರಿನ ಎರಡು ಕಡ್ಡಿಗಳನ್ನು ಖಾಲಿ ವೈರಿಗೆ ಸಿಕ್ಕಿಸಿ ಮುಳ್ಳನ್ನೇ ನೋಡುತ್ತ ಕೂತೆ. ಐದು. ಐದು. ಅಲ್ಲಾಡದೆ ಐದು. ಹೊರಗೆ ಕೊಳಾಯಿ ಬುಸುಗುಟ್ಟಿತು. ಟಣ್ ಟಣ್ ಎಂದಿತು. ಸಾಲಿನ ಮೋಟರುಗಳೆಲ್ಲ ಗುಂಯ್‌ಗುಟ್ಟಿದವು. ಟ್ಯೂಬ್‌ಲೈಟು ಮಂಕಾಯಿತು, ಟೇಬಲ್ ಫ್ಯಾನು ಸೋತಂತೆ ತಿರುಗಿತು. ಮೀಟರಿನ ಮುಳ್ಳು ನಾಲ್ಕೂವರೆಗೆ ಬಿತ್ತು, ಪರದೆ ನಿಂತಿತು.

ನೀರು ಬಂದಾಗ ಲೈಟು ಮಂಕಾಗುವುದು ನಮ್ಮ ರಸ್ತೆಯಲ್ಲಿ ಸುದ್ದಿಯೇ ಅಲ್ಲ. ಚಿಕ್ಕಂದಿನಿಂದ ನೋಡಿದ್ದು. ಹಾಗಾಗಿ ನೋಡಿರಲೇ ಇಲ್ಲ. ದಿನ ಬಿಟ್ಟು ದಿನ ನಿಲ್ಲುತ್ತಿದ್ದದ್ದು ದೆವ್ವದಿಂದಲೂ ಅಲ್ಲ, ಪ್ರೊಸೆಸರು ಸೋತೂ ಅಲ್ಲ. ಇಡೀ ರಸ್ತೆ ಒಟ್ಟಿಗೆ ಕರೆಂಟು ಎಳೆದುಕೊಂಡಾಗ ಮನೆಗೆ ಬರುವ ವೋಲ್ಟೇಜೇ ಕುಸಿಯುತ್ತಿತ್ತು. ನಾನು ಒಳಗೆ ಒಂದೊಂದೇ ಪಾಯಿಂಟು ಏರಿಸುತ್ತ ಚಿಪ್ಪನ್ನು ಸುಡುತ್ತ ಕೂತಿದ್ದೆ, ಹೊರಗೆ ಗೋಡೆಯ ಪ್ಲಗ್ಗಿಗೆ ಬರುವುದೇ ಇಳಿದುಹೋಗುತ್ತಿತ್ತು. ಮತ್ತೆ ಆ ಮೋಟರುಗಳನ್ನೆಲ್ಲ ಒಂದೇ ಕ್ಷಣಕ್ಕೆ ಹಾಕಿಸುತ್ತಿದ್ದವರು ಅಪ್ಪ.

ಹೊರಗೆ ಓಡಿದೆ. ಅಪ್ಪ ಸಂಪಿನ ಮುಚ್ಚಳ ತೆಗೆದು ಒಳಗೆ ಬಗ್ಗಿ ನೋಡುತ್ತಿದ್ದರು.

"ಅಪ್ಪ, ನೀವು ಗೇಟು ಬಡಿದ ಕೂಡ್ಲೇ ಅದು ನಿಲ್ತಾ ಇರೋದು. ಎಲ್ರೂ ಒಟ್ಟಿಗೆ ಮೋಟ್ರು ಹಾಕ್ತಾರಲ್ಲ, ಅದಕ್ಕೆ."

ಅವರು ಕೈಯಲ್ಲಿದ್ದ ಸ್ಪ್ಯಾನರನ್ನು ನೋಡಿದರು, ನನ್ನನ್ನು ನೋಡಿದರು. ಜಗಲಿಯ ಮೇಲಿದ್ದ ಸ್ಲೇಟು ತೆಗೆದುಕೊಂಡು, "ಬಡಿಯಬಾರದಾ?" ಎಂದು ಬರೆದರು. ಅವರ ಮುಖ ನೋಡಿ ನನ್ನ ರಭಸವೆಲ್ಲ ಇಳಿದುಹೋಯಿತು. ಆ ರಸ್ತೆಗೆ ಅವರಿಂದ ಆಗುತ್ತಿದ್ದ ಕೆಲಸ ಉಳಿದಿದ್ದದ್ದು ಅದೊಂದೇ.

"ಅಯ್ಯೋ, ಬಡೀರಿ. ನೀರಿಲ್ಲದ ದಿನ ನಾನು ರೆಕಾರ್ಡ್ ಮಾಡ್ಕೋತೀನಿ, ಅಷ್ಟೇ," ಅಂದೆ.

ಭಾನುವಾರ ನೀರಿನ ಸರದಿ ಇರಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ರಸ್ತೆಯೆಲ್ಲ ಕುಂಭಕರ್ಣನ ನಿದ್ದೆಯಲ್ಲಿತ್ತು. ಅಮ್ಮನಿಗೆ ಮಿಕ್ಸಿ ಹಾಕಬಾರದು, ಫ್ರಿಜ್ಜಿನ ಪ್ಲಗ್ಗು ಕೀಳಬೇಕು ಎಂದು ಆಣತಿ ಕೊಟ್ಟಿದ್ದೆ. ಟೇಪಿನ ತಲೆಯನ್ನು ಸ್ಪಿರಿಟ್ಟು ಹಾಕಿದ ಹತ್ತಿಯಿಂದ ಒರೆಸಿದೆ. ಕ್ಯಾಸೆಟ್ಟನ್ನು ದೇವರ ಗೂಡಿನಿಂದ ಅಪ್ಪನೇ ತಂದು ಕೊಟ್ಟರು. ಕೂತು ಕೇಳಿ ಅಂದರೆ ಕೈಯಾಡಿಸಿ ಬೇಡವೆಂದು ಹೊರಗೆ ಹೋದರು. ನಾನು ಹೆಡ್‌ಫೋನು ಹಾಕಿಕೊಂಡು, ಮನೆದೇವರಿಗೆ ಹರಕೆ ಹೊತ್ತು, ಗುಂಡಿ ಒತ್ತಿದೆ.

ಓಡಾಡುವಂತಿರಲಿಲ್ಲ. ನೆಲ ಅದುರಿದರೆ ಹಳೇ ಟೇಪ್ ರೆಕಾರ್ಡರಿನ ಓಟ ತಪ್ಪುತ್ತದೆ. ಕಾಲುಗಳನ್ನು ಕುರ್ಚಿಯ ಕೆಳಗೆ ಒಂದಕ್ಕೊಂದು ಹೆಣೆದುಕೊಂಡು ಕೂತೆ. ಗಲಾಟೆ, ಹಾರ್ಮೋನಿಯಂ, ಯಾರದೋ ಕೆಮ್ಮು. ಆಮೇಲೆ ಕಿವಿಯ ಪಕ್ಕದಲ್ಲೇ, "ಪುಟ್ಟಿ, ಕೆಂಪು ಗುಂಡಿ ಒತ್ತಿದ್ಯಾ? ಎರಡೂ ಒಟ್ಟಿಗೆ ಒತ್ಬೇಕು ಕಣೇ."

ದಪ್ಪ ದನಿ, ಪದದ ಕೊನೆಯಲ್ಲಿ ಚೂರು ಒಡೆಯುವ ದನಿ. ಹೌದು, ಇದೇ. ಇದು ನನಗೆ ಮರೆತದ್ದಾದರೂ ಹೇಗೆ? ಬೂಷ್ಟು ಹಿಡಿದ ಕಡೆ ಮುಳುಗುತ್ತಿತ್ತು, ಮತ್ತೆ ಏಳುತ್ತಿತ್ತು. ನಟರಿಗೆ ಮಾತು ಹೇಳಿಕೊಡುವುದಕ್ಕಿಂತ ಬೈಯುವುದೇ ಜಾಸ್ತಿ. "ಅದು ಮುಂದಿನ ಸೀನು ಕಣಯ್ಯ." "ನಿನ್ನ ಗಡ್ಡ ಎಲ್ಲಯ್ಯಾ, ಗಡ್ಡ?" ಸಭೆ ನಗುತ್ತಿತ್ತು. ನನ್ನ ಕಣ್ಣು ಮಾತ್ರ ಟ್ಯೂಬ್‌ಲೈಟಿನ ಮೇಲೆ. ಒಂದು ಕೈಬೆರಳು ಅಲ್ಯುಮಿನಿಯಂ ಮೇಲೆ. ಬೆಚ್ಚಗಿತ್ತು, ಅಷ್ಟೇ. ಅರ್ಧ ದಾಟಿತು. ಯಾರಾದರೂ ಇಸ್ತ್ರಿ ಪೆಟ್ಟಿಗೆ ಹಾಕಿಬಿಟ್ಟರೆ, ಕರೆಂಟೇ ಹೋಗಿಬಿಟ್ಟರೆ ಎಂದು ಒಳಗೇ ಕುದಿಯುತ್ತಿದ್ದೆ. ಮುಕ್ಕಾಲು ದಾಟಿತು. ಲೈಟು ಮಂಕಾಗಲಿಲ್ಲ. ಕೊನೆಗೆ ಚಪ್ಪಾಳೆ, ಕುರ್ಚಿ ಎಳೆಯುವ ಸದ್ದು, "ಮುಗೀತು ಪುಟ್ಟಿ, ಏಳು, ಹಸಿವಾಯ್ತಾ?" ಆಮೇಲೆ ಟಕ್ಕೆಂದು ನಿಂತಿತು.

ಬರೆದುಕೊಂಡದ್ದು ಉಳಿಯಿತೋ ಎಂದು ಎರಡೆರಡು ಸಲ ನೋಡಿದೆ. ಉಳಿದಿತ್ತು. ಟೇಪನ್ನು ತೆಗೆದು ಬೆಳಕಿಗೆ ಹಿಡಿದರೆ ಅಲ್ಲಲ್ಲಿ ಆಚೆಕಡೆ ಕಾಣುತ್ತಿತ್ತು.

ಅಪ್ಪನಿಗೆ ಹೇಳೋಣವೆಂದು ಹೊರಗೆ ಓಡಿದೆ. ಅವರು ಗೇಟಿನ ಪಕ್ಕ ಸಂಪಿನ ಮುಚ್ಚಳದ ಮೇಲೆ ಕೂತಿದ್ದರು. ಸ್ಪ್ಯಾನರು ತೊಡೆಯ ಮೇಲಿತ್ತು, ಅದನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಪಕ್ಕದ ಕೊಳಾಯಿಯಿಂದ ನೀರು ಸಣ್ಣದಾಗಿ ಸುರಿಯುತ್ತಿತ್ತು. ನಾನು ನೋಡುತ್ತಿದ್ದ ಹಾಗೇ ಎರಡು ಸಲ ಬುಸುಗುಟ್ಟಿ ನಿಂತುಹೋಯಿತು. ಅವರ ಕಾಲ ಕೆಳಗಿನ ಮಣ್ಣು ನೆನೆದು ರಾಡಿಯಾಗಿತ್ತು. ಬೇಸಿಗೆಯಲ್ಲಿ ನೀರಿನವರು ಹೇಳದೆ ಕೇಳದೆ ಸರದಿ ಬದಲಿಸುತ್ತಿದ್ದರು. ಅಂದೂ ಬದಲಿಸಿದ್ದರು. ಒಳಗೆ ಟೇಪು ಓಡುತ್ತಿದ್ದಷ್ಟು ಹೊತ್ತೂ ಹೊರಗೆ ನೀರು ಬಂದಿತ್ತು. ಅಪ್ಪ ಅದನ್ನು ನೋಡುತ್ತ ಕೂತಿದ್ದರು, ಗೇಟು ಬಡಿದಿರಲಿಲ್ಲ. ನಮ್ಮ ಮೋಟರೂ ಹಾಕಿರಲಿಲ್ಲ.

ಅಷ್ಟರಲ್ಲಿ ಎದುರುಮನೆ ಆಂಟಿ ತಲೆಗೂದಲು ಗಂಟು ಹಾಕಿಕೊಳ್ಳುತ್ತ ಬಂದರು. ಅವರ ಯಜಮಾನರೂ ಅದೇ ಕಾರ್ಖಾನೆಯವರು, ಇಪ್ಪತ್ತು ವರ್ಷದ ನೆರೆ.

"ಏನ್ ಸಾರ್, ಹಿಂದಿನ ರೋಡಲ್ಲಿ ಎಲ್ರೂ ನೀರು ತುಂಬ್ಕೊಂಡ್ರಂತೆ. ನೀವು ಇಲ್ಲೇ ಕೂತಿದೀರಾ, ಬಡೀಲೇ ಇಲ್ವಲ್ಲ? ಮನೇಲಿ ತೊಟ್ಟು ನೀರಿಲ್ಲ, ನಾಳೆ ನೆಂಟ್ರು ಬರ್ತಾ ಇದಾರೆ."

ಅಪ್ಪ ಎದ್ದು ನಿಂತರು. ತಪ್ಪಾಯಿತು ಎಂಬಂತೆ ಎದೆಯ ಮೇಲೆ ಕೈಯಿಟ್ಟರು. ಆಮೇಲೆ, ಬನ್ನಿ ಎಂದು ಒಳಗೆ ಕೈ ತೋರಿಸಿದರು. ಆಂಟಿ ಅರ್ಥವಾಗದೆ ನನ್ನ ಮುಖ ನೋಡಿದರು. ಒಳಗೆ ಕರೆದುಕೊಂಡು ಹೋಗಿ ಕುರ್ಚಿಯ ಮೇಲೆ ಕೂರಿಸಿದೆವು. ಅಮ್ಮ ಕೈ ಒರೆಸಿಕೊಳ್ಳುತ್ತ ಅಡುಗೆಮನೆಯಿಂದ ಬಂದಳು. ಅಪ್ಪ ನನಗೆ, ಹಾಕು ಎಂದು ಕಣ್ಣಲ್ಲೇ ಹೇಳಿದರು. ನಾನು ಹೆಡ್‌ಫೋನು ಕಿತ್ತು ಸ್ಪೀಕರು ಸಿಕ್ಕಿಸಿ, ದನಿ ಸಣ್ಣದಾಗಿಟ್ಟು ಹಾಕಿದೆ. ಆ ನಾಟಕ ಅಪ್ಪನನ್ನು ಹೇಗೆ ಚುಚ್ಚಿತ್ತು ಎಂಬ ನೆನಪು ನನಗಿತ್ತು.

"ಪುಟ್ಟಿ, ಕೆಂಪು ಗುಂಡಿ ಒತ್ತಿದ್ಯಾ?"

ಅಮ್ಮ ಹಾಗೇ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಆಂಟಿ ಸೆರಗನ್ನು ಬಾಯಿಗೆ ಒತ್ತಿಕೊಂಡು, "ಅಯ್ಯೋ ಶಿವನೇ, ಸಾರ್ ದನಿ," ಅಂದರು. ನೀರಿನ ಮಾತು ಅವರು ಮತ್ತೆ ಎತ್ತಲಿಲ್ಲ. ಅಪ್ಪ ಸ್ಪೀಕರಿನ ಹತ್ತಿರಕ್ಕೆ ಕುರ್ಚಿ ಎಳೆದುಕೊಂಡು, ತಲೆ ಓರೆ ಮಾಡಿ ಕೇಳಿದರು. ಗಡ್ಡ ಮರೆತ ನಟನಿಗೆ ಬೈಯುವ ಜಾಗ ಬಂದಾಗ ಅವರ ಹೆಗಲು ಕುಲುಕಿತು. ನಗುತ್ತಿದ್ದಾರೆ ಎಂದು ತಿಳಿಯುವುದಕ್ಕೆ ನನಗೆ ಸ್ವಲ್ಪ ಹೊತ್ತು ಹಿಡಿಯಿತು.

ಆಮೇಲೆ ಸ್ಲೇಟು ಎತ್ತಿಕೊಂಡು ಬರೆದು ನನ್ನ ಕಡೆ ತಿರುಗಿಸಿದರು.

"ಜೋರು ಮಾಡು."

ನಾನು ಸ್ಪೀಕರಿನ ತಿರುಪನ್ನು ಕೊನೆಯವರೆಗೂ ತಿರುಗಿಸಿದೆ. ಎದ್ದು ಹೋಗಿ ರಸ್ತೆಯ ಕಡೆಯ ಕಿಟಕಿಯನ್ನೂ ತೆಗೆದೆ.